ಬಿಸಿಲ ನಾಡಿನಲ್ಲಿ ಕ್ರಾಫ್ಟ್ ಬಿಯರ್: ಟಿನ್ ಕೊಳ್ಳಬೇಕೇ, ಬಾಟಲಿ ಕೊಳ್ಳಬೇಕೇ?

ರಾಯಚೂರಿನಲ್ಲಿ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಬ್ರೂವರಿಗಳು ರುಚಿ ಪರಿಮಳಗಳಿಗೆ ಒತ್ತು ಕೊಟ್ಟು ಮಾಡುವ ಬಿಯರ್, ಕೊಳ್ಳುವವರ ಮುಂದಿರುವ ಪ್ರಶ್ನೆ ಬೆಂಗಳೂರಿನವರ ಪ್ರಶ್ನೆಗಿಂತ ಹೆಚ್ಚು ತೊಡಕಿನದು. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಬಿಯರ್ ತಾನು ತಯಾರಾದ ಕಟ್ಟಡದಲ್ಲಿಯೇ, ತಣ್ಣನೆಯ ಟ್ಯಾಂಕಿನಿಂದ ನೇರವಾಗಿ ಲೋಟಕ್ಕೆ ಇಳಿಯುತ್ತದೆ. ಅಲ್ಲಿ ಟಿನ್ನಿನ ಮಾತೂ ಬರುವುದಿಲ್ಲ, ಬಾಟಲಿಯ ಮಾತೂ ಬರುವುದಿಲ್ಲ. ನಮ್ಮ ಕಡೆಗೆ ಬರುವ ಬಿಯರ್ ನೂರಾರು ಕಿಲೋಮೀಟರ್ ಲಾರಿಯಲ್ಲಿ ಸಾಗಿ, ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊದಲ್ಲಿ ತಂಗಿ, ಅಲ್ಲಿಂದ ವೈನ್ ಶಾಪಿನ ಹಿಂದಿನ ಕೋಣೆಗೆ ಇಳಿದು, ಕಡೆಗೆ ಗಾಜಿನ ಬಾಗಿಲಿನ ಫ್ರಿಜ್ಜಿಗೆ ಸೇರುತ್ತದೆ. ಈ ದಾರಿಯುದ್ದಕ್ಕೂ ಬೆಳಕು, ಗಾಳಿ ಮತ್ತು ಬಿಸಿ ಎಂಬ ಮೂರು ವೈರಿಗಳು ಅದನ್ನು ಕಾಡುತ್ತವೆ. ಟಿನ್ನು ಮೇಲೋ ಬಾಟಲಿ ಮೇಲೋ ಎಂಬುದನ್ನು ಈ ಮೂರರ ಎದುರು ಯಾವುದು ಎಷ್ಟು ನಿಲ್ಲುತ್ತದೆ ಎಂಬುದರಿಂದಲೇ ಅಳೆಯಬೇಕು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಫೆಬ್ರುವರಿಯ ಕೊನೆಯಿಂದ ಮುಂಗಾರು ನೆಲೆಯೂರುವವರೆಗೆ ಟಿನ್ನನ್ನೇ ಕೊಳ್ಳುವುದು ಲೇಸು. ಉಳಿದ ತಿಂಗಳುಗಳಲ್ಲಿ, ಬಿಯರಿನ ಬಗೆಯನ್ನೂ ಅಂಗಡಿಯ ವ್ಯವಸ್ಥೆಯನ್ನೂ ನೋಡಿಕೊಂಡು, ಕಂದು ಗಾಜಿನ ಬಾಟಲಿಗೂ ಧಾರಾಳವಾಗಿ ಮನಸ್ಸು ಮಾಡಬಹುದು. ಹಸಿರು ಗಾಜು ಮತ್ತು ಬಣ್ಣವಿಲ್ಲದ ಗಾಜಿನ ಬಾಟಲಿಗಳನ್ನು ನಮ್ಮ ಬಿಸಿಲಿನಲ್ಲಿ ಯಾವ ಕಾಲಕ್ಕೂ ನಂಬಬಾರದು. ಆದರೆ ಇದೆಲ್ಲಕ್ಕೂ ಮೊದಲು ನೋಡಬೇಕಾದದ್ದು ತಯಾರಿಕೆಯ ದಿನಾಂಕವನ್ನು. ಆರು ತಿಂಗಳು ಹಳೆಯದಾದ ಟಿನ್ನಿಗಿಂತ ಒಂದು ತಿಂಗಳ ಬಾಟಲಿ ಬಹುಪಾಲು ಒಳ್ಳೆಯದೇ ಆಗಿರುತ್ತದೆ. ಬಿಯರನ್ನು ವಿಸ್ಕಿ, ರಮ್ಮುಗಳ ಸಾಲಿನಲ್ಲಿಟ್ಟು ನೋಡದೆ ಹಾಲಿನಂತೆ ನೋಡುವುದನ್ನು ರೂಢಿಸಿಕೊಂಡರೆ, ಮುಂದೆ ಹೇಳುವ ಅರ್ಧ ಮಾತು ತಾನಾಗಿಯೇ ತಿಳಿಯುತ್ತದೆ.

ಬೆಳಕಿನ ಎದುರು

ಬಿಯರಿನ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬರುತ್ತದೆ. ಆ ಹೂವನ್ನು ಕುದಿಸಿದಾಗ ಹುಟ್ಟುವ ಐಸೋ ಆಲ್ಫಾ ಆಮ್ಲಗಳು ನೀಲಿ ಅಥವಾ ಅತಿನೇರಳೆ ಬೆಳಕಿಗೆ ಸಿಕ್ಕರೆ, ಬಿಯರಿನಲ್ಲಿ ಸಹಜವಾಗಿಯೇ ಇರುವ ರೈಬೋಫ್ಲೇವಿನ್ ಎಂಬ ಜೀವಸತ್ವದ ನೆರವಿನಿಂದ ಒಡೆದುಹೋಗುತ್ತವೆ, ಮತ್ತು ಒಡೆದ ತುಣುಕು ಗಂಧಕದೊಡನೆ ಕೂಡಿ ತೀರ ಕೆಟ್ಟ ವಾಸನೆಯ ಒಂದು ಸಂಯುಕ್ತವಾಗುತ್ತದೆ. ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ವೈರಿಗಳ ಮೇಲೆ ಸಿಡಿಸುವ ದ್ರವದಲ್ಲಿರುವ ಸಂಯುಕ್ತಗಳಿಗೆ ಇದು ಹತ್ತಿರದ ಸಂಬಂಧಿ. ಅದನ್ನು ಕಂಡರಿಯದ ನಮ್ಮ ಮೂಗಿಗೆ ಇದು ಸುಟ್ಟ ರಬ್ಬರಿನ ಹಾಗೆ ಬಡಿಯುತ್ತದೆ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯಬಲ್ಲದು. ಆದ್ದರಿಂದ ಇಲ್ಲಿ ಸ್ವಲ್ಪ ಕೆಟ್ಟಿದೆ ಎಂಬ ನಡುವಿನ ಸ್ಥಿತಿ ಬಹಳ ಹೊತ್ತು ಉಳಿಯುವುದಿಲ್ಲ.

ಕಂದು ಗಾಜು ಈ ಹಾನಿಕರ ಬೆಳಕಿನ ಬಹುಭಾಗವನ್ನು ತಡೆಯುತ್ತದೆ. ಹಸಿರು ಗಾಜು ತಡೆಯುವುದು ಅಲ್ಪ. ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲವೆನ್ನಬೇಕು. ಬಣ್ಣವಿಲ್ಲದ ಬಾಟಲಿಯಲ್ಲಿ ಬಿಯರ್ ಮಾರುವ ಕೆಲವು ದೊಡ್ಡ ಕಂಪನಿಗಳು ಬೆಳಕಿಗೆ ಒಡೆಯದಂತೆ ರಾಸಾಯನಿಕವಾಗಿ ಮಾರ್ಪಡಿಸಿದ ಹಾಪ್ಸ್ ಸಾರವನ್ನು ಬಳಸಿ ಈ ತೊಂದರೆಯಿಂದ ಪಾರಾಗುತ್ತವೆ, ಆದರೆ ಹೂವಿನ ಪರಿಮಳಕ್ಕಾಗಿಯೇ ತಯಾರಾಗುವ ಕ್ರಾಫ್ಟ್ ಬಿಯರುಗಳಲ್ಲಿ ಆ ಉಪಾಯಕ್ಕೆ ಸಾಮಾನ್ಯವಾಗಿ ಜಾಗವಿಲ್ಲ. ಟಿನ್ನಿನ ಒಳಗಾದರೋ ಬೆಳಕು ಹೋಗುವ ದಾರಿಯೇ ಇಲ್ಲ. ಬೆಳಕಿನ ವಿಷಯದಲ್ಲಿ ಟಿನ್ನಿನ ಗೆಲುವು ಪೂರ್ತಿಯಾದದ್ದು.

ಈ ಗೆಲುವಿನ ಬೆಲೆ ನಮ್ಮ ಅಂಗಡಿಗಳನ್ನು ನೋಡಿದರೆ ಇನ್ನಷ್ಟು ಹೆಚ್ಚುತ್ತದೆ. ಅನೇಕ ವೈನ್ ಶಾಪುಗಳಲ್ಲಿ ಗಾಜಿನ ಬಾಗಿಲಿನ ಫ್ರಿಜ್ಜು ರಸ್ತೆಗೆ ಮುಖಮಾಡಿ ನಿಂತಿರುತ್ತದೆ, ಮಧ್ಯಾಹ್ನದ ಮೇಲೆ ಪಡುವಣದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ, ರಾತ್ರಿ ಒಳಗಿನ ಟ್ಯೂಬ್‌ಲೈಟು ಆರುವುದಿಲ್ಲ. ಬಿಸಿಲಿನಷ್ಟು ವೇಗವಾಗಿ ಅಲ್ಲದಿದ್ದರೂ ಟ್ಯೂಬ್‌ಲೈಟಿನ ಬೆಳಕೂ ಇದೇ ಕೆಲಸವನ್ನು ಮಾಡುತ್ತದೆ. ಬಾಟಲಿಯೇ ಬೇಕೆನ್ನುವವರು ಮುಂದಿನ ಸಾಲಿನದನ್ನು ಬಿಟ್ಟು ಹಿಂದಿನ ಸಾಲಿನದನ್ನು, ಸಾಧ್ಯವಾದರೆ ರಟ್ಟಿನ ಪೆಟ್ಟಿಗೆಯಿಂದಲೇ ತೆಗೆದದ್ದನ್ನು ಕೇಳಿ ಪಡೆಯಬೇಕು. ತಣ್ಣಗಿರುವುದೇ ಬೇಕೆಂದು ಹಟ ಹಿಡಿದು ಬೆಳಕಿನಲ್ಲಿ ನಿಂತಿದ್ದ ಬಾಟಲಿಯನ್ನು ಒಯ್ಯುವುದಕ್ಕಿಂತ, ಪೆಟ್ಟಿಗೆಯದನ್ನು ಒಯ್ದು ಮನೆಯಲ್ಲಿ ತಣ್ಣಗಾಗಿಸುವುದು ಮೇಲು, ಆ ಪೆಟ್ಟಿಗೆ ಅಂಗಡಿಗೆ ಬಂದು ಬಹಳ ದಿನವಾಗಿರಬಾರದು ಅಷ್ಟೆ.

ಗಾಳಿಯ ಎದುರು

ಬಾಟಲಿಯ ತಗಡಿನ ಬಿರಡೆಯನ್ನು ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಮಾಡಿಸಿದರು. ಅದರ ಮೂಲ ಆಕಾರ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಒಳಗಿನ ಬೆಂಡಿನ ಬಿಲ್ಲೆಯ ಜಾಗಕ್ಕೆ ಪ್ಲಾಸ್ಟಿಕ್ ಪದರ ಬಂದಿದೆ. ಈ ಪದರದ ಮೂಲಕ ಆಮ್ಲಜನಕವು ತೀರ ನಿಧಾನವಾಗಿಯಾದರೂ ಒಳಗೆ ಜಿನುಗುತ್ತದೆ, ತಿಂಗಳುಗಳು ಕಳೆದಂತೆ ಹಾಪ್ಸಿನ ಪರಿಮಳವನ್ನು ಮಸುಕುಗೊಳಿಸುತ್ತದೆ, ಬಿಯರಿಗೆ ಒದ್ದೆ ರಟ್ಟಿನ ರುಚಿಯನ್ನು ತರುತ್ತದೆ. ಟಿನ್ನಿನ ಮುಚ್ಚಳವನ್ನು ಡಬ್ಬಿಯ ಅಂಚಿನೊಡನೆ ಎರಡು ಸುತ್ತು ಮಡಿಸಿ ಒತ್ತಿರುವುದರಿಂದ, ಮುಚ್ಚಿದ ಮೇಲೆ ಗಾಳಿ ಒಳಹೋಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಇಷ್ಟನ್ನೇ ಕೇಳಿದವರು ಟಿನ್ನೇ ಸರ್ವಶ್ರೇಷ್ಠವೆಂದು ತೀರ್ಮಾನಿಸಿಬಿಡುತ್ತಾರೆ. ಕಥೆಯ ಇನ್ನೊಂದು ಮಗ್ಗುಲು ಇರುವುದು ತುಂಬುವ ಹೊತ್ತಿನಲ್ಲಿ. ಗಾಜಿನ ಬಾಟಲಿ ಗಟ್ಟಿಯಾಗಿರುವುದರಿಂದ, ಒಳ್ಳೆಯ ಯಂತ್ರವಿದ್ದರೆ ಅದರೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆದು, ಇಂಗಾಲದ ಡೈಆಕ್ಸೈಡ್ ತುಂಬಿ, ಆಮೇಲೆ ಬಿಯರನ್ನು ಇಳಿಸಬಹುದು. ಟಿನ್ನಿನ ಗೋಡೆ ಕಾಗದದಷ್ಟು ತೆಳು. ಗಾಳಿಯನ್ನು ಎಳೆದರೆ ಅದು ಅಪ್ಪಚ್ಚಿಯಾಗುತ್ತದೆ. ಹಾಗಾಗಿ ಅನಿಲವನ್ನು ಊದಿ ಗಾಳಿಯನ್ನು ಹೊರದೂಡುವುದೊಂದೇ ದಾರಿ. ಜತೆಗೆ ಟಿನ್ನಿನ ಬಾಯಿ ಅಗಲ, ಮುಚ್ಚಳ ಕೂರುವವರೆಗೆ ಅದು ತೆರೆದೇ ಇರುತ್ತದೆ. ನೊರೆ ಬಾಯಿಯವರೆಗೆ ಉಕ್ಕಿ ನಿಂತಿರುವಾಗಲೇ ಮುಚ್ಚಳವನ್ನು ಕೂರಿಸುವ ಕೌಶಲ ಇಲ್ಲದಿದ್ದರೆ, ಮುಚ್ಚಳದ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡ ಗಾಳಿಗೆ ಹೊರಬರುವ ದಾರಿಯಿಲ್ಲ. ಸಣ್ಣ ಬ್ರೂವರಿಯ ಸಣ್ಣ ಯಂತ್ರದಲ್ಲಿ ತುಂಬಿದ ಟಿನ್ನು ಅದೇ ಬಿಯರಿನ ಬಾಟಲಿಗಿಂತ ಬೇಗ ಹಳತಾಗುವುದು ಈ ಕಾರಣದಿಂದ ಸಾಧ್ಯ.

ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಉಲ್ಲೇಖಾರ್ಹವಾದದ್ದು. ಅವರು ಆಂಬರ್ ಏಲ್ ಮತ್ತು ಹಾಪ್ಸ್ ಹೆಚ್ಚಾಗಿರುವ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಎರಡು ಬಗೆಯ ಬಿಯರುಗಳನ್ನು ಟಿನ್ನಿನಲ್ಲಿಯೂ ಬಾಟಲಿಯಲ್ಲಿಯೂ ತುಂಬಿ, ಒಂದು ತಿಂಗಳು ತಣ್ಣಗೆ, ಆಮೇಲೆ ಐದು ತಿಂಗಳು ಕೋಣೆಯ ಉಷ್ಣತೆಯಲ್ಲಿ ಇಟ್ಟು, ರಾಸಾಯನಿಕ ಬದಲಾವಣೆಗಳನ್ನು ಗಮನಿಸುತ್ತ ಹೋದರು. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರುಚಿಯೇ ಮುಂದಿರುವ ಆಂಬರ್ ಏಲ್ ಬಾಟಲಿಯಲ್ಲಿ ಹೆಚ್ಚು ಸ್ಥಿರವಾಗಿ ಉಳಿಯಿತು. ಐಪಿಎಯಲ್ಲಿ ಟಿನ್ನಿಗೂ ಬಾಟಲಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದೊಂದರಿಂದ ಬಾಟಲಿಯೇ ಮೇಲೆಂದು ಹೇಳಲಾಗದು, ಆದರೆ ಬಿಯರಿನ ಬಗೆಯನ್ನು ಕೇಳದೆ ಡಬ್ಬಿಯ ಬಗೆಯನ್ನು ತೀರ್ಮಾನಿಸಬಾರದು ಎಂಬ ಮಾತಿಗೆ ಇದು ಗಟ್ಟಿ ಆಧಾರ ಕೊಡುತ್ತದೆ.

ಬಿಸಿಯ ಎದುರು

ಎಲ್ಲಕ್ಕಿಂತ ದೊಡ್ಡ ವಿಷಯ ಇದು, ಮತ್ತು ಇದರಲ್ಲಿ ಟಿನ್ನೂ ಬಾಟಲಿಯೂ ಒಂದೇ ಸಮ ಸೋಲುತ್ತವೆ.

ಬ್ರೂವರಿಗಳವರು ಬಳಸುವ ಒಂದು ಅಂದಾಜಿನ ಸೂತ್ರವಿದೆ: ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟರೆ ಬಿಯರಿಗೆ ಆಗುವ ಹಾನಿ, 22 ಡಿಗ್ರಿಯಲ್ಲಿ 30 ದಿನ ಅಥವಾ 3 ಡಿಗ್ರಿಯ ಫ್ರಿಜ್ಜಿನಲ್ಲಿ 300 ದಿನ ಇಟ್ಟಾಗ ಆಗುವ ಹಾನಿಗೆ ಸಮ. ಅಕ್ಷರಶಃ ನಂಬಬೇಕಾದ ಲೆಕ್ಕ ಇದಲ್ಲವಾದರೂ ಇದು ತೋರಿಸುವ ದಿಕ್ಕು ಸರಿಯಾದದ್ದು. ಈಗ ಇದನ್ನು ನಮ್ಮ ಊರಿಗೆ ಹೊಂದಿಸಿ ನೋಡೋಣ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ. ತಗಡಿನ ಅಥವಾ ಆರ್‌ಸಿಸಿ ಮಾಳಿಗೆಯ ಕೆಳಗಿನ ಗೋದಾಮು ಇರುಳಿನಲ್ಲಿಯೂ ಕಾವನ್ನು ಬಿಟ್ಟುಕೊಡುವುದಿಲ್ಲ. 22 ಡಿಗ್ರಿ ಎಂಬ ಆ ಕೋಣೆಯ ಉಷ್ಣತೆ ಬೇರೆ ದೇಶದ ಕೋಣೆಯದು, ನಮ್ಮ ಬೇಸಿಗೆಯ ಯಾವ ಕೋಣೆಯದೂ ಅಲ್ಲ. ಹೀಗಿರುವಾಗ ಅಂಥ ಗೋದಾಮಿನಲ್ಲಿ ಎರಡು ವಾರ ಕುಳಿತ ಐಪಿಎಯಲ್ಲಿ ಮಾವು, ಕಿತ್ತಳೆಗಳ ಪರಿಮಳವನ್ನು ಹುಡುಕುವುದು ವ್ಯರ್ಥ. ಬಾಟಲಿಯ ಮೇಲಿನ ಅವಧಿ ಮುಗಿಯುವ ದಿನಾಂಕ ಇನ್ನೂ ದೂರವಿರಬಹುದು, ಅದು ಕುಡಿಯಲು ಯೋಗ್ಯವೂ ಆಗಿರಬಹುದು, ಆದರೆ ಹೆಚ್ಚು ಹಣ ಕೊಟ್ಟು ಕೊಂಡ ಪರಿಮಳ ಮಾತ್ರ ಉಳಿದಿರುವುದಿಲ್ಲ.

ಗಾಜು ದಪ್ಪವಾಗಿರುವುದರಿಂದ ಬಿಸಿಯನ್ನು ತಡೆಯುತ್ತದೆ, ಆದ್ದರಿಂದ ಬೇಸಿಗೆಗೆ ಬಾಟಲಿಯೇ ಸರಿ ಎಂಬ ವಾದವನ್ನು ಇಲ್ಲಿಯ ಅಂಗಡಿಗಳಲ್ಲಿ ಕೇಳಿದ್ದೇನೆ. ಗಾಜಿನ ತೂಕದಿಂದಾಗಿ ಬಾಟಲಿ ಬಿಸಿಯಾಗಲು ಟಿನ್ನಿಗಿಂತ ತುಸು ಹೆಚ್ಚು ಹೊತ್ತು ಬೇಕು ಎಂಬುದು ನಿಜ. ಆದರೆ ಆ ವ್ಯತ್ಯಾಸ ನಿಮಿಷಗಳದ್ದು. ಬಿಯರ್ ಗೋದಾಮಿನಲ್ಲಿ ಇರುವುದು ವಾರಗಟ್ಟಲೆ.

ಇನ್ನೊಂದು ನಂಬಿಕೆಯೂ ಬಲವಾಗಿ ಬೇರೂರಿದೆ: ಒಮ್ಮೆ ತಣ್ಣಗಾದ ಬಿಯರ್ ಮತ್ತೆ ಬಿಸಿಯಾದರೆ ಕೆಟ್ಟುಹೋಗುತ್ತದೆ ಎಂಬುದು. ತಣ್ಣಗಾಗಿ, ಬೆಚ್ಚಗಾಗಿ, ಮತ್ತೆ ತಣ್ಣಗಾಗುವುದರಿಂದಲೇ ಬಿಯರಿಗೆ ವಿಶೇಷವಾದ ಕೇಡೇನೂ ಆಗುವುದಿಲ್ಲ. ಒಟ್ಟು ಎಷ್ಟು ಹೊತ್ತು ಬಿಸಿಯಲ್ಲಿತ್ತು ಎಂಬುದೇ ಮುಖ್ಯ. ಕರೆಂಟು ಹೋಗಿ ಫ್ರಿಜ್ಜು ಎರಡು ತಾಸು ನಿಂತದ್ದಕ್ಕೆ ಒಳಗಿನ ಟಿನ್ನುಗಳನ್ನು ಎಸೆಯಬೇಕಾದ ಅಗತ್ಯವಿಲ್ಲ.

ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ವಿಷಯ ಹಗುರವಾದದ್ದಲ್ಲ. ಬಿಯರ್ ಬಿಸಿಯಾದಂತೆ ಅದರಲ್ಲಿ ಕರಗಿರುವ ಅನಿಲ ಹೊರಬಂದು ಒತ್ತಡವನ್ನು ಏರಿಸುತ್ತದೆ. ಟಿನ್ನುಗಳನ್ನು ಸುಮಾರು 6 ಬಾರ್ ಒತ್ತಡ ತಾಳುವಂತೆ ಮಾಡಿರುತ್ತಾರೆ. ಮೇ ತಿಂಗಳ ಮಧ್ಯಾಹ್ನ ಗಾಜು ಮುಚ್ಚಿದ ಕಾರಿನ ಒಳಗೆ, ಅದರಲ್ಲೂ ಹೆಚ್ಚು ನೊರೆಯ ಗೋಧಿ ಬಿಯರ್ ಆಗಿದ್ದರೆ, ಒತ್ತಡ ಆ ಮಿತಿಯ ಹತ್ತಿರಕ್ಕೆ ಹೋಗುತ್ತದೆ. ಮೊದಲು ತಳದ ಒಳಗುಳಿ ಹೊರಕ್ಕೆ ಉಬ್ಬುತ್ತದೆ, ಆಮೇಲೆ ಟಿನ್ನು ಬಿರಿಯುತ್ತದೆ. ಬಾಟಲಿ ಬಿರಿದರೆ ಚೂರುಗಳು ಸಿಡಿಯುವುದರಿಂದ ಅಪಾಯ ಇನ್ನೂ ಹೆಚ್ಚು. ಪಾಶ್ಚರೀಕರಿಸದೆ, ಹಣ್ಣಿನ ತಿರುಳು ಬೆರೆಸಿ ತುಂಬಿದ ಕ್ರಾಫ್ಟ್ ಬಿಯರುಗಳಿಗೆ ಇನ್ನೊಂದು ತೊಡಕಿದೆ: ಉಳಿದ ಸಕ್ಕರೆಯನ್ನು ಜೀವಂತ ಯೀಸ್ಟು ಕಾವಿನಲ್ಲಿ ಮತ್ತೆ ಹುದುಗಿಸತೊಡಗುತ್ತದೆ, ಅನಿಲ ಇನ್ನಷ್ಟು ಕೂಡುತ್ತದೆ. ಅಂಥ ಬಿಯರ್ ಟಿನ್ನಿನಲ್ಲಿರಲಿ ಬಾಟಲಿಯಲ್ಲಿರಲಿ, ಅಂಗಡಿಯಲ್ಲಿ ಅದು ಫ್ರಿಜ್ಜಿನ ಹೊರಗೆ ಕಂಡರೆ ಕೊಳ್ಳಬಾರದು.

ಟಿನ್ನಿನ ರುಚಿಯ ಬಗ್ಗೆ ಇರುವ ಅನುಮಾನ

ಟಿನ್ನಿನ ಬಿಯರ್ ಲೋಹದ ರುಚಿ ಕೊಡುತ್ತದೆ, ಅದು ಅಗ್ಗದ ಮಾಲು ಎಂಬ ಭಾವನೆ ಹಳೆಯದು. ಬಿಯರನ್ನು ಡಬ್ಬಿಯಲ್ಲಿ ಮೊದಲ ಬಾರಿಗೆ ಮಾರಿದ್ದು 1935ರ ಜನವರಿ 24ರಂದು, ಅಮೆರಿಕದ ರಿಚ್ಮಂಡ್ ನಗರದಲ್ಲಿ. ತಯಾರಕರು ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿದ್ದ ಕ್ರೂಗರ್ ಬ್ರೂವರಿಯವರು. ಆಗಿನ ಡಬ್ಬಿಗಳು ಉಕ್ಕಿನವು. 1959ರಲ್ಲಿ ಕೂರ್ಸ್ ಕಂಪನಿ ಅಲ್ಯೂಮಿನಿಯಂ ಡಬ್ಬಿಯನ್ನು ತಂದಿತು. ಇಷ್ಟಾದರೂ ಕ್ರಾಫ್ಟ್ ಬ್ರೂವರಿಗಳು ಬಹುಕಾಲ ಬಾಟಲಿಯನ್ನೇ ಗೌರವದ ಗುರುತೆಂದು ಭಾವಿಸಿದ್ದವು. ಕೊಲರಾಡೊದ ಲಯನ್ಸ್ ಎಂಬ ಸಣ್ಣ ಊರಿನ ಆಸ್ಕರ್ ಬ್ಲೂಸ್ ಬ್ರೂವರಿ 2002ರಲ್ಲಿ ತನ್ನ ಡೇಲ್ಸ್ ಪೇಲ್ ಏಲ್ ಬಿಯರನ್ನು ಟಿನ್ನಿನಲ್ಲಿ ತುಂಬಲು ಮುಂದಾದ ಮೇಲೆ ಈ ಧೋರಣೆ ಬದಲಾಗುತ್ತ ಬಂದಿತು, ಇಂದು ಹಾಪ್ಸ್ ಪ್ರಧಾನವಾದ ಬಿಯರುಗಳಿಗೆ ಟಿನ್ನೇ ಮೊದಲ ಆಯ್ಕೆಯಾಗಿದೆ.

ಟಿನ್ನಿನ ಒಳಗೋಡೆಗೆ ತೆಳುವಾದ ಪಾಲಿಮರ್ ಲೇಪನವಿರುತ್ತದೆ, ಬಿಯರ್ ಲೋಹವನ್ನು ಮುಟ್ಟುವುದೇ ಇಲ್ಲ. ಲೋಹದ ರುಚಿ ಎಂದು ನಮಗೆ ಅನ್ನಿಸುವುದು ಟಿನ್ನಿಗೆ ತುಟಿಯಿಟ್ಟು ಕುಡಿಯುವಾಗ, ಮೂಗು ಮುಚ್ಚಳಕ್ಕೆ ಹತ್ತಿರವಾಗುವುದರಿಂದ. ಲೋಟಕ್ಕೆ ಸುರಿದುಕೊಂಡರೆ ಆ ಅನಿಸಿಕೆ ಹೋಗುತ್ತದೆ. ಕ್ರಾಫ್ಟ್ ಬಿಯರಿನ ಪರಿಮಳ ಅರಳುವುದೂ ಲೋಟದಲ್ಲಿ ನೊರೆ ಎದ್ದಾಗಲೇ, ಆದ್ದರಿಂದ ಬಾಟಲಿಯಿಂದಲೂ ನೇರವಾಗಿ ಕುಡಿಯದಿರುವುದೇ ಸರಿ. ಡಿಪೊದಲ್ಲಿ, ಲಾರಿಯಲ್ಲಿ, ಅಂಗಡಿಯಲ್ಲಿ ಧೂಳು ಹಿಡಿದಿರುವ ಟಿನ್ನಿನ ಮೇಲ್ಭಾಗವನ್ನು ತೆರೆಯುವ ಮೊದಲು ನೀರಿನಿಂದ ತೊಳೆದು ಒರೆಸುವುದನ್ನು ಮರೆಯಬಾರದು, ಸುರಿಯುವಾಗ ಬಿಯರ್ ಆ ಮುಚ್ಚಳದ ಮೇಲೆ ಹರಿದೇ ಹೊರಬರುತ್ತದೆ.

ಯಾವ ಬಗೆಯ ಬಿಯರಿಗೆ ಯಾವುದು

ಐಪಿಎ ಮತ್ತು ಪೇಲ್ ಏಲ್‌ಗಳನ್ನು ಟಿನ್ನಿನಲ್ಲಿಯೇ ಕೊಳ್ಳಬೇಕು. ಹಾಪ್ಸ್ ಹೆಚ್ಚಿದಷ್ಟೂ ಬೆಳಕಿನ ಅಪಾಯ ಹೆಚ್ಚು, ಗಾಳಿಯಿಂದ ಕಳೆದುಕೊಳ್ಳುವುದೂ ಹೆಚ್ಚು. ತಯಾರಾಗಿ ಎರಡು ಮೂರು ತಿಂಗಳೊಳಗಿನದಾದರೆ ಮಾತ್ರ ಒಯ್ಯುವುದು ಉಚಿತ. ನಾಲ್ಕು ತಿಂಗಳು ದಾಟಿದ ಐಪಿಎ ರಿಯಾಯಿತಿಯಲ್ಲಿ ಸಿಕ್ಕರೂ ಬೇಡವೆನ್ನುವುದು ನನ್ನ ಸಲಹೆ.

ಗೋಧಿ ಬಿಯರಿನ ಲೆಕ್ಕ ಬೇರೆ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಬೆಲ್ಜಿಯಂ ಶೈಲಿಯ ವಿಟ್‌ಬಿಯರ್ ಆಗಲಿ, ಬಾಳೆಹಣ್ಣು ಲವಂಗಗಳ ವಾಸನೆಯನ್ನು ಯೀಸ್ಟಿನಿಂದಲೇ ಪಡೆಯುವ ಜರ್ಮನ್ ಶೈಲಿಯ ಹೆಫೆವೈಜನ್ ಆಗಲಿ, ಇವುಗಳಲ್ಲಿ ಹಾಪ್ಸ್ ಕಡಿಮೆ, ತಳದಲ್ಲಿ ಯೀಸ್ಟಿನ ಗಷ್ಟು ಇರುತ್ತದೆ. ಆ ಗಷ್ಟನ್ನು ಬಿಯರಿನೊಡನೆ ಬೆರೆಸಿ ಕುಡಿಯುವುದೇ ಪದ್ಧತಿ. ಬಾಟಲಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ: ಮುಕ್ಕಾಲು ಭಾಗ ಸುರಿದು, ಉಳಿದದ್ದನ್ನು ಮೆಲ್ಲಗೆ ತಿರುಗಿಸಿ, ಗಷ್ಟನ್ನು ಎಬ್ಬಿಸಿ ಲೋಟಕ್ಕೆ ಸೇರಿಸಬಹುದು. ಟಿನ್ನಿನಲ್ಲಿ ಕಾಣದಿದ್ದರೂ ಇದೇ ಕ್ರಮವನ್ನು ಅನುಸರಿಸಬಹುದು. ಆಷಾಢ ಕಳೆದ ಮೇಲೆ, ಒಳ್ಳೆಯ ಫ್ರಿಜ್ಜಿನಲ್ಲಿದ್ದ ಕಂದು ಬಾಟಲಿಯ ಗೋಧಿ ಬಿಯರ್ ಸಿಕ್ಕರೆ ನಾನು ಟಿನ್ನನ್ನು ಬದಿಗಿಟ್ಟು ಅದನ್ನೇ ಆರಿಸುತ್ತೇನೆ.

ಸ್ಟೌಟ್, ಪೋರ್ಟರ್‌ಗಳಂಥ ಕಪ್ಪು ಬಿಯರುಗಳು ಇವೆರಡಕ್ಕಿಂತ ಸಹನಶೀಲ. ಹುರಿದ ಮಾಲ್ಟಿನ ಗಾಢ ಬಣ್ಣ ಬೆಳಕಿನ ಒಂದಷ್ಟು ಪಾಲನ್ನು ತಾನೇ ಹೀರಿಕೊಳ್ಳುತ್ತದೆ, ತುಸು ಹಳತಾದರೂ ಕಾಫಿ, ಚಾಕೊಲೇಟಿನ ರುಚಿಗಳು ಅದನ್ನು ಮರೆಮಾಚುತ್ತವೆ. ಇವುಗಳಿಗೆ ಕಂದು ಬಾಟಲಿ ಸಾಕು. ವರ್ಷಗಟ್ಟಲೆ ಇಟ್ಟು ಮಾಗಿಸುವ ಆಸೆಯನ್ನು ಮಾತ್ರ ಇಲ್ಲಿ ಬಿಡಬೇಕು. ಹಾಗೆ ಮಾಗುವ ಬಿಯರುಗಳಲ್ಲಿ ಹೆಚ್ಚಿನವು ಶೇ. 8ಕ್ಕಿಂತ ಹೆಚ್ಚು ಆಲ್ಕೋಹಾಲ್ ಉಳ್ಳವು. ನಮ್ಮ ದೇಶದ ಆಹಾರ ಸುರಕ್ಷತಾ ಮಾನದಂಡದಲ್ಲಿ ಸ್ಟ್ರಾಂಗ್ ಬಿಯರಿನ ಮಿತಿಯೇ ಶೇ. 8. ಮೇಲಾಗಿ ಮಾಗಿಸಲು ಬೇಕಾದ ತಂಪು ನೆಲಮಾಳಿಗೆ ನಮ್ಮ ಮನೆಗಳಲ್ಲಿ ಇಲ್ಲ.

ಬಾಟಲಿಯಲ್ಲಿಯೇ ಎರಡನೆಯ ಸಲ ಹುದುಗಿಸುವ ಬೆಲ್ಜಿಯಂ ಬಿಯರುಗಳಿಗೆ ದಪ್ಪ ಗಾಜಿನ ಬಾಟಲಿಯೇ ಮನೆ. ಒಳಗಿನ ಜೀವಂತ ಯೀಸ್ಟು ಉಳಿದ ಆಮ್ಲಜನಕವನ್ನು ತಾನೇ ಬಳಸಿಕೊಳ್ಳುವುದರಿಂದ ಬಿರಡೆಯ ದೋಷ ಅಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ. ಅವು ಸಿಕ್ಕಾಗ ಟಿನ್ನಿಗೆ ಹೋಲಿಸುವ ಪ್ರಶ್ನೆಯೇ ಇಲ್ಲ, ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟರಾಯಿತು. ತಿಳಿಯಾದ, ಸೌಮ್ಯ ರುಚಿಯ ಸಾಮಾನ್ಯ ಲಾಗರ್ ಬಿಯರಿಗೆ ತನ್ನ ದೋಷವನ್ನು ಮರೆಮಾಚಲು ಗಾಢ ಪರಿಮಳವೂ ಇಲ್ಲ, ಹುರಿದ ಮಾಲ್ಟೂ ಇಲ್ಲ. ಹಳತನ ಕೂಡಲೇ ಗೊತ್ತಾಗುತ್ತದೆ, ಟಿನ್ನೇ ಕ್ಷೇಮ.

ತಣಿಸುವುದು, ಒಯ್ಯುವುದು, ಲೆಕ್ಕ ಹಾಕುವುದು

ಅಲ್ಯೂಮಿನಿಯಂ ಗಾಜಿಗಿಂತ ನೂರಾರು ಪಟ್ಟು ಚೆನ್ನಾಗಿ ಉಷ್ಣವನ್ನು ಹರಿಯಬಿಡುತ್ತದೆ. ಫ್ರಿಜ್ಜಿನಲ್ಲಿ ಸುತ್ತಲಿನ ಗಾಳಿಯೇ ನಿಧಾನವಾದ್ದರಿಂದ ಈ ಗುಣದ ಪೂರ್ತಿ ಲಾಭ ಸಿಗುವುದಿಲ್ಲ, ಆದರೆ ಮಂಜುಗಡ್ಡೆ ಮತ್ತು ನೀರು ಬೆರೆಸಿದ ಬಕೆಟ್ಟಿನಲ್ಲಿ ಮುಳುಗಿಸಿದರೆ ಟಿನ್ನು ಬಾಟಲಿಗಿಂತ ಸ್ಪಷ್ಟವಾಗಿ ಬೇಗ ತಣ್ಣಗಾಗುತ್ತದೆ. ಒಂದು ಹಿಡಿ ಕಲ್ಲುಪ್ಪು ಹಾಕಿದರೆ ಇನ್ನೂ ಬೇಗ. ಬರೀ ಮಂಜುಗಡ್ಡೆಯ ಮೇಲೆ ಇಡುವುದರಿಂದ ಹೆಚ್ಚು ಪ್ರಯೋಜನವಿಲ್ಲ, ನೀರು ಇರಲೇಬೇಕು. ಅವಸರಕ್ಕೆಂದು ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ, ಟಿನ್ನು ಉಬ್ಬಿ ಸೀಳುತ್ತದೆ, ಶೇ. 5ರ ಬಿಯರ್ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಗಡ್ಡೆಕಟ್ಟತೊಡಗುತ್ತದೆ. ಬೇಗ ತಣಿಯುವ ಟಿನ್ನು ಬೇಗ ಬಿಸಿಯಾಗುತ್ತದೆ ಎಂಬುದೂ ಅಷ್ಟೇ ನಿಜವಾದ್ದರಿಂದ, ಬೇಸಿಗೆಯಲ್ಲಿ ಒಂದೊಂದನ್ನೇ ಹೊರತೆಗೆಯಬೇಕು.

ತೂಕದಲ್ಲಿ ಹೋಲಿಕೆಯೇ ಇಲ್ಲ. 330 ಮಿಲಿ ಪಿಂಟಿನ ಖಾಲಿ ಬಾಟಲಿ ಸುಮಾರು 200 ಗ್ರಾಂ ತೂಗುತ್ತದೆ, ಅಷ್ಟೇ ಹಿಡಿಸುವ ಖಾಲಿ ಟಿನ್ನು ಸುಮಾರು 13 ಗ್ರಾಂ. 24 ಪಿಂಟುಗಳ ಪೆಟ್ಟಿಗೆಯಲ್ಲಿ ಗಾಜೇ ಹತ್ತಿರ ಹತ್ತಿರ 5 ಕಿಲೋ ಆಗುತ್ತದೆ. ಲಿಂಗಸೂಗೂರು, ಸಿಂಧನೂರಿನ ಕಡೆಯಿಂದ ಬೈಕಿನಲ್ಲಿ ಬಂದು ಕೊಂಡೊಯ್ಯುವವರಿಗೆ ಇದು ಸಣ್ಣ ವಿಷಯವಲ್ಲ. ಟಿನ್ನಿಗೆ ನೆಗ್ಗು ಬೀಳುವ ಭಯವಿದೆ. ಹೊಟ್ಟೆಯ ಮೇಲಿನ ಸಣ್ಣ ನೆಗ್ಗನ್ನು ಲೆಕ್ಕಿಸಬೇಕಿಲ್ಲ. ಮುಚ್ಚಳದ ಅಂಚಿನಲ್ಲಿ, ಮಡಿಕೆಯ ಮೇಲೆ ನೆಗ್ಗಿದ್ದರೆ ಅಥವಾ ತಳ ಉಬ್ಬಿದ್ದರೆ ಅಂಗಡಿಯಲ್ಲಿಯೇ ಹಿಂದಿರುಗಿಸಬೇಕು. ಬಾಟಲಿಯಾದರೆ ಬಿರಡೆಯ ಅಂಚಿನ ತುಕ್ಕನ್ನು ನೋಡಬೇಕು, ಬಹಳ ದಿನ ಮಂಜುಗಡ್ಡೆಯ ನೀರಿನಲ್ಲಿ ಬಿದ್ದಿದ್ದ ಗುರುತು ಅದು. ಅಂಥ ನೀರಿನಲ್ಲಿ ಕಾಗದದ ಲೇಬಲ್ಲು ಕಿತ್ತುಹೋಗಿ ದಿನಾಂಕವೂ ಹೋಗಿರುತ್ತದೆ. ಟಿನ್ನಿನ ತಳದಲ್ಲಿ ಮುದ್ರಿಸಿದ ದಿನಾಂಕ ಹಾಗೆ ಅಳಿಯುವುದಿಲ್ಲ. ಶಕ್ತಿನಗರದ ಆಚೆ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ, ಬಳ್ಳಾರಿಯಿಂದ ಸ್ವಲ್ಪ ದೂರಕ್ಕೇ ಆಂಧ್ರ. ಅಲ್ಲಿ ಕಂಡ ಹೊಸ ಬ್ರಾಂಡನ್ನು ಪೆಟ್ಟಿಗೆಗಟ್ಟಲೆ ತರುವ ಆಸೆ ಅಬಕಾರಿ ಕಾನೂನಿನ ತೊಡಕಿಗೆ ಸಿಕ್ಕಿಸುತ್ತದೆ, ಟಿನ್ನಾದರೂ ಬಾಟಲಿಯಾದರೂ.

ಬೆಲೆಯನ್ನು ಹೋಲಿಸುವಾಗ ಬಹುಮಂದಿ ಎಡವುವುದು ಅಳತೆಯಲ್ಲಿ. ಬಾಟಲಿಗಳು 650 ಮತ್ತು 330 ಮಿಲಿಯಲ್ಲಿ, ಟಿನ್ನುಗಳು 500 ಮತ್ತು 330 ಮಿಲಿಯಲ್ಲಿ ಬರುವುದರಿಂದ, ಎಂಆರ್‌ಪಿಯನ್ನು 100 ಮಿಲಿಯ ಲೆಕ್ಕಕ್ಕೆ ಇಳಿಸಿಯೇ ನೋಡಬೇಕು. ಅಳತೆ ಇನ್ನೊಂದು ಕಾರಣಕ್ಕೂ ಮುಖ್ಯ. ಶೇ. 8ರ 500 ಮಿಲಿ ಟಿನ್ನಿನಲ್ಲಿ 40 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ, ಶೇ. 5ರ ಪಿಂಟಿನಲ್ಲಿ 16.5 ಮಿಲಿ, ಎರಡನ್ನೂ ಒಂದು ಬಿಯರ್ ಎಂದೇ ಎಣಿಸುವುದು ತಪ್ಪು. ತೆರೆದ ಮೇಲೆ ಟಿನ್ನನ್ನಾಗಲಿ ಬಿರಡೆಯ ಬಾಟಲಿಯನ್ನಾಗಲಿ ಮತ್ತೆ ಮುಚ್ಚಿಡಲಾಗದು, ಉಳಿದದ್ದನ್ನು ಮುಗಿಸಿಯೇಬಿಡೋಣ ಎನ್ನುವುದು ಮನುಷ್ಯಸಹಜ. ಹಾಗಾಗಿ ಒಬ್ಬರೇ ಕುಡಿಯುವುದಾದರೆ ಯಾವುದರಲ್ಲಾದರೂ 330 ಮಿಲಿಯದನ್ನೇ ಆರಿಸಬೇಕು. ಬಿಸಿಲಿನಿಂದ ಬಂದವರು ಮೊದಲು ನೀರನ್ನೋ ಮಜ್ಜಿಗೆಯನ್ನೋ ಕುಡಿದು ದಾಹ ತಣಿಸಿಕೊಳ್ಳಬೇಕು. ಆಲ್ಕೋಹಾಲ್ ಮೈಯ ನೀರನ್ನು ಹೊರದೂಡುತ್ತದೆ, ಎಷ್ಟೇ ತಣ್ಣಗಿದ್ದರೂ ಬಿಯರ್ ಬಾಯಾರಿಕೆಗೆ ಮದ್ದಾಗಲಾರದು.

ಖಾಲಿಯಾದದ್ದರ ಮಾತೂ ಈ ಹೋಲಿಕೆಗೆ ಸೇರಿದ್ದೇ. ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ. 95 ಉಳಿತಾಯವಾಗುತ್ತದೆ. ಗುಜರಿಯವರು ಟಿನ್ನನ್ನು ತೂಕಕ್ಕೆ ಕೊಳ್ಳುತ್ತಾರೆ. ಬಾಟಲಿಗಳಲ್ಲಿ, ದೊಡ್ಡ ಕಂಪನಿಗಳ ಒಂದೇ ಅಚ್ಚಿನ 650 ಮಿಲಿ ಬಾಟಲಿಗಳು ಗುಜರಿಯ ದಾರಿಯಿಂದಲೇ ಬ್ರೂವರಿಗೆ ಮರಳಿ, ತೊಳೆದು ಮತ್ತೆ ತುಂಬಿಸಿಕೊಳ್ಳುತ್ತವೆ, ಅದು ಕರಗಿಸುವುದಕ್ಕಿಂತಲೂ ಒಳ್ಳೆಯ ಬಳಕೆ. ಕ್ರಾಫ್ಟ್ ಬ್ರೂವರಿಗಳ ಬೇರೆ ಬೇರೆ ಆಕಾರದ ಪಿಂಟುಗಳಿಗೆ ಆ ಭಾಗ್ಯ ಸಾಮಾನ್ಯವಾಗಿ ಇಲ್ಲ, ಗುಜರಿಯವರು ಎಷ್ಟೋ ಸಲ ಅವನ್ನು ಮುಟ್ಟುವುದೂ ಇಲ್ಲ. ಅವು ಹೊಲದ ಬದುವಿನಲ್ಲಿ, ಕಾಲುವೆಯ ದಂಡೆಯಲ್ಲಿ ಒಡೆದು ಬಿದ್ದರೆ ಭತ್ತದ ಗದ್ದೆಗೆ ಬರಿಗಾಲಲ್ಲಿ ಇಳಿಯುವವರ ಪಾದವನ್ನೂ ದನದ ಗೊರಸನ್ನೂ ಸೀಳುತ್ತವೆ. ಪಿಂಟಿನ ಬಾಟಲಿ ಕೊಂಡವರು ಅದನ್ನು ಒಡೆಯದೆ ಮನೆಗೆ ತಂದು, ನಗರಸಭೆಯ ಒಣಕಸದ ಗಾಡಿಗೆ ಬೇರೆಯಾಗಿ ಕಟ್ಟಿ ಕೊಡಬೇಕು.